ಫ್ಯೂಜಿ ಎಫ್‌ಎ-200: ನಾಲ್ಕು ಆಸನವಿದ್ದರೂ ಇಬ್ಬರ ವಿಮಾನ

ಕಾರವಾರದ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಹತ್ತಿರ ನಿಲ್ಲಿಸಿರುವ ಟುಪೊಲೆವ್ ವಿಮಾನವನ್ನು ನೋಡಿದ ನೆಂಟರ ಮಕ್ಕಳು ‘ಮನೆಮಂದಿ ಹತ್ತುವಷ್ಟು ಸಣ್ಣ ವಿಮಾನ ಇರುವುದಿಲ್ಲವೆ’ ಎಂದು ಕೇಳಿದಾಗಲೆಲ್ಲ, ಉದ್ಯೋಗದ ನಿಮಿತ್ತ ಆಸ್ಟ್ರೇಲಿಯಾದಲ್ಲಿದ್ದಾಗ ಬೋಧಕರ ಪಕ್ಕದಲ್ಲಿ ಕುಳಿತು ಕೆಲವು ಗಂಟೆ ಹಾರಿಸಿದ ಜಪಾನಿನ ಪುಟ್ಟ ವಿಮಾನ ಫ್ಯೂಜಿ ಎಫ್‌ಎ-200 ನನಗೆ ನೆನಪಾಗುತ್ತದೆ. ‘ಏರೋ ಸುಬಾರು’ ಎಂಬುದು ಅದರ ಇನ್ನೊಂದು ಹೆಸರು. ಸುಬಾರು ಕಾರುಗಳನ್ನು ತಯಾರಿಸುತ್ತಿದ್ದ ಫ್ಯೂಜಿ ಹೆವಿ ಇಂಡಸ್ಟ್ರೀಸ್, ಯುದ್ಧಕಾಲದ ನಕಾಜಿಮಾ ವಿಮಾನ ಕಾರ್ಖಾನೆಯ ಉತ್ತರಾಧಿಕಾರಿಯಾದ್ದರಿಂದ ವಿಮಾನ ಅದಕ್ಕೆ ಹೊಸ ವಿದ್ಯೆಯೇನಾಗಿರಲಿಲ್ಲ. 1965ರಲ್ಲಿ ಮೊದಲ ಬಾರಿ ಹಾರಿದ ಈ ಮಾದರಿಯ ತಯಾರಿಕೆ 1986ರಲ್ಲಿ ನಿಂತಿತು. ಒಟ್ಟು ಸಂಖ್ಯೆ ಮುನ್ನೂರನ್ನೂ ಮುಟ್ಟಲಿಲ್ಲ.

ರೆಕ್ಕೆ ಕೆಳಗಿದೆ, ಮೂರು ಚಕ್ರಗಳು ಮಡಚುವುದಿಲ್ಲ, ಬಾಗಿಲಿನ ಬದಲು ಹಿಂದಕ್ಕೆ ಸರಿಯುವ ಗಾಜಿನ ಛಾವಣಿಯಿದೆ. ರೆಕ್ಕೆಯ ಮೇಲೆ ಕಾಲಿಟ್ಟು ಹತ್ತಬೇಕಾದ ಕಾರಣ ಪಂಚೆ ಉಟ್ಟವರಿಗೆ ಇದು ಹೇಳಿದ ವಾಹನವಲ್ಲ. ಒಳಗೆ ಕುಳಿತ ಮೇಲೆ ಸುತ್ತಲೂ ಕಾಣುವ ನೋಟಕ್ಕೆ ಸಾಟಿಯಿಲ್ಲ. ಆದರೆ ಅದೇ ಗಾಜು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಪೈಲಟನನ್ನು ಹಬೆಯಲ್ಲಿಟ್ಟ ಕಡುಬಿನಂತೆ ಬೇಯಿಸುವುದರಲ್ಲಿ ಸಂಶಯವಿಲ್ಲ.

ನಾನು ಹಾರಿಸಿದ್ದು 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಇರುವ, ಇಂಧನವನ್ನು ಸಿಲಿಂಡರುಗಳ ಬಾಯಿಗೇ ಸಿಂಪಡಿಸುವ ಮಾದರಿ. 160 ಅಶ್ವಶಕ್ತಿಯ ಮಾದರಿಯಲ್ಲಿ ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರ್ ಇದೆ. ಕರಾವಳಿಯಂತಹ ತೇವದ ಗಾಳಿಯಲ್ಲಿ, ಹೊರಗೆ ಸೆಕೆಯಿದ್ದರೂ, ಶಕ್ತಿ ತಗ್ಗಿಸಿ ಇಳಿಯುವಾಗ ಕಾರ್ಬ್ಯುರೇಟರಿನೊಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಉಸಿರುಗಟ್ಟಬಹುದು. ಅದನ್ನು ತಡೆಯುವ ಬಿಸಿಗಾಳಿಯ ಗುಂಡಿಯನ್ನು ಮರೆಯುವಂತಿಲ್ಲ. 180ರಲ್ಲಿ ಆ ಭಯವಿಲ್ಲವಾದರೂ, ಈಗಷ್ಟೇ ನಿಲ್ಲಿಸಿದ ಬಿಸಿ ಎಂಜಿನ್ನನ್ನು ಮತ್ತೆ ಚಾಲೂ ಮಾಡುವಾಗ ಕೊಳವೆಗಳಲ್ಲಿ ಇಂಧನ ಆವಿಯಾಗಿ, ಎಂಜಿನ್ ಚಾಲೂ ಆಗದೆ ಬೆವರಿಳಿಸುತ್ತದೆ. ನಾನು ಮೂರು ಸಲ ಸೋತ ಮೇಲೆ ಬೋಧಕರು ನಗುತ್ತ ಕೈ ಹಾಕಿದರು.

ತರಬೇತಿಗೆ ಇದು ಒಳ್ಳೆಯ ಮೇಷ್ಟ್ರು. ಭಾರ ಮಿತಿಯೊಳಗಿದ್ದು ಇಬ್ಬರೇ ಕುಳಿತರೆ ಕಸರತ್ತಿನ ಹಾರಾಟಕ್ಕೂ ಅನುಮತಿಯಿರುವ ಗಟ್ಟಿ ಮೈಕಟ್ಟು ಇದರದು. ತಪ್ಪು ಮಾಡಿದರೆ ಗದರಿಸುತ್ತದೆಯೇ ಹೊರತು ಕೈಬಿಡುವುದಿಲ್ಲ. ಪ್ರವಾಸದ ಮಾತು ಬೇರೆ. ಸುಮಾರು 650 ಕಿಲೋ ತೂಕದ ವಿಮಾನ ಹೆಚ್ಚೆಂದರೆ 1150 ಕಿಲೋದೊಂದಿಗೆ ಏಳಬಹುದು. ನಾಲ್ವರು ದೊಡ್ಡವರು, ಇಂಧನ, ಚೀಲಗಳನ್ನು ಹೇರಿದರೆ ಲೆಕ್ಕ ಸರಿಹೊಂದೀತು, ಆದರೆ ಬಿಸಿಗಾಳಿಗೆ ದಟ್ಟಣೆ ಕಡಿಮೆಯಿರುವುದರಿಂದ ಏರುವ ವೇಗ ಕುಸಿಯುತ್ತದೆ. ಕಾರವಾರದ ಸಮುದ್ರಮಟ್ಟದಿಂದ ಹೊರಟು ಶಿರಸಿಯ ಕಡೆಗಿರುವ ಘಟ್ಟದ ಗೋಡೆಯನ್ನು ಮಧ್ಯಾಹ್ನ ತುಂಬಿದ ವಿಮಾನದಲ್ಲಿ ದಾಟಲು ನಾನಂತೂ ಒಪ್ಪಲಾರೆ.

ಕೊಳ್ಳುವ ಆಸೆಯಿರುವವರು ಮೊದಲು ಬಿಡಿಭಾಗಗಳನ್ನು ವಿಚಾರಿಸಬೇಕು. ಎಂಜಿನ್ನಿನವು ಸಿಗುತ್ತವೆ, ಛಾವಣಿಯ ಗಾಜು, ಮೈಯ ತಗಡುಗಳಿಗೆ ಹಳೆಯ ವಿಮಾನವೊಂದನ್ನು ಬಿಚ್ಚುವವರನ್ನೇ ಹುಡುಕಬೇಕಾದೀತು. ನಮ್ಮ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಸವೆಯುವ ಬಗೆಯನ್ನು ಬಲ್ಲವನಾಗಿ, ಮುಚ್ಚಿದ ಶೆಡ್ಡಿಲ್ಲದ ಕಡೆ ಇದನ್ನು ಇಡಿ ಎಂದು ಯಾರಿಗೂ ಹೇಳಲಾರೆ.