ಮೂರನೇ ವೇಪ್ ನನ್ನ ದಮ್ಮಿಗೆ ಹೊಂದಿತು: ನಾಲ್ಕು ವರ್ಷ ಬಳಸಿದ ಮೇಲೆ ಬರೆದದ್ದು

ಶುರುವಿನಲ್ಲೇ ಎರಡು ಮಾತು. ಸಿಗರೇಟು ಸೇದದವರು ಇದನ್ನು ಓದಿ ವೇಪ್ (ನಿಕೋಟಿನ್ ಲಿಕ್ವಿಡ್ ಬಿಸಿ ಮಾಡಿ ಆವಿ ಎಳೆಯುವ ಇ-ಸಿಗರೇಟು) ಹಿಡಿಯಬೇಡಿ, ಇಲ್ಲದ ಚಟ ಅಂಟಿಸಿಕೊಂಡಂತೆ ಆಗುತ್ತದೆ ಅಷ್ಟೇ. ಇದು ದಿನಕ್ಕೆ ಹದಿನೈದು ಸಿಗರೇಟು ಸೇದುತ್ತಿದ್ದವನು ಬಿಡೋಕೆ ಒದ್ದಾಡಿದ ಕಥೆ. ಎರಡನೆಯದು, ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ 18 ತುಂಬಿದವರು ಅಂಗಡಿಗೆ ಹೋಗಿ ರಾಜಾರೋಷವಾಗಿ ಕೊಳ್ಳಬಹುದು. ನಮ್ಮೂರಲ್ಲಿ ಹಾಗಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮಾರುವುದು, ಹೊರಗಿಂದ ತರುವುದು, ದಾಸ್ತಾನು ಇಡುವುದು ಎಲ್ಲವೂ ಅಪರಾಧ. ಹಾಗಾಗಿ ದಾವಣಗೆರೆಯಲ್ಲೋ ಬೆಂಗಳೂರಲ್ಲೋ ಕೂತು ಓದುವವರು "ಇಲ್ಲೆಲ್ಲಿ ಸಿಗುತ್ತೆ" ಅಂತ ಮಾತ್ರ ಕೇಳಬೇಡಿ.

ಬ್ರ್ಯಾಂಡಿನ ಹೆಸರನ್ನೂ ಹಾಕುವುದಿಲ್ಲ. ಮಾಡೆಲ್‌ಗಳು ಬಂದಷ್ಟೇ ಬೇಗ ಮಾಯವಾಗುತ್ತವೆ, ಇವತ್ತು ನಾನು ಹೊಗಳಿದ್ದು ನೀವು ಹೋಗುವಷ್ಟರಲ್ಲಿ ಅಂಗಡಿಯಲ್ಲಿ ಇರುವುದಿಲ್ಲ. ಅದೂ ಅಲ್ಲದೆ ಹೆಸರು ಕೇಳಿ ಕೊಂಡೇ ನಾನು ಎರಡು ಸಲ ದುಡ್ಡು ಕಳೆದುಕೊಂಡಿದ್ದು.

ಸಿಗರೇಟು ಹತ್ತಿಕೊಂಡಿದ್ದು ದಾವಣಗೆರೆಯಲ್ಲಿ, ಇಂಜಿನಿಯರಿಂಗ್ ಎರಡನೇ ವರ್ಷ. ಸಂಜೆ ಮಂಡಕ್ಕಿ, ಮಿರ್ಚಿ, ಆಮೇಲೆ ಅರ್ಧ ಟೀ, ಟೀ ಜೊತೆ ಒಂದು ದಮ್ಮು. ಒಂದು ಸಿಗರೇಟಿಗೆ ಮೂರು ಜನ. ನಿಮ್ಮ ಸರದಿಗೆ ಎರಡು ಎಳೆತ ಸಿಕ್ಕರೆ ಪುಣ್ಯ, ಅದಕ್ಕೇ ಸಣ್ಣಗೆ ಎಳೆದು ಬಾಯಲ್ಲಿ ಹಿಡಿದುಕೊಂಡು ನಿಧಾನವಾಗಿ ಒಳಗೆ ಬಿಡುವ ಅಭ್ಯಾಸ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇಲ್ಲಿಗೆ ಬಂದ ಮೇಲೆ ಹಂಚಿಕೊಳ್ಳುವವರು ಇರಲಿಲ್ಲ, ಇಡೀ ಸಿಗರೇಟು ನನ್ನದೇ. 2022ರ ಹೊತ್ತಿಗೆ ತಿಂಗಳಿಗೆ 270 ಪೌಂಡ್ ಹತ್ತಿರ ಹೊಗೆಯಾಗುತ್ತಿತ್ತು. ಮಗಳ ಈಜು ತರಗತಿಗೆ ಲೆಕ್ಕ ಹಾಕುವ ನಾನು ಈ ಲೆಕ್ಕ ಮಾತ್ರ ಯಾವತ್ತೂ ಹಾಕಿರಲಿಲ್ಲ.

ಮೊದಲ ವೇಪ್ ಆ ವರ್ಷದ ಜನವರಿಯಲ್ಲಿ ಕೊಂಡೆ. ಆಫೀಸಿನ ಗೆಳೆಯ ಒಬ್ಬನ ಹತ್ತಿರ ಬಾಕ್ಸ್ ಮಾಡ್ ಅನ್ನುವ ದೊಡ್ಡ ವೇಪ್ ಇತ್ತು. ಇಟ್ಟಿಗೆ ತುಂಡಿನ ಹಾಗೆ ಭಾರ, ಮೇಲೆ ಗಾಜಿನ ಟ್ಯಾಂಕು, ಒಳಗೆ ಎರಡು ದಪ್ಪ ಬ್ಯಾಟರಿ. ಅವನು ಬಿಟ್ಟ ಹೊಗೆಯಲ್ಲಿ ಅವನ ಮುಖವೇ ಕಾಣುತ್ತಿರಲಿಲ್ಲ. ನಾನೂ ಅದನ್ನೇ ತಂದೆ, ಎಲ್ಲಾ ಸೇರಿ 80 ಪೌಂಡ್. ಮೊದಲ ಸಲ ಸಿಗರೇಟಿನ ಥರ ಎಳೆದೆ ನೋಡಿ, ಕೆಮ್ಮು ಬಂದು ಕಣ್ಣಲ್ಲಿ ನೀರು. ಗೆಳೆಯ ನಕ್ಕು "ಹಾಗಲ್ಲ, ಉಸಿರು ತೆಗೆದುಕೊಂಡ ಹಾಗೆ ನೇರ ಎದೆಗೆ ಎಳಿ" ಅಂದ.

ಅದೇ ಅದರ ರೀತಿ. ಕಾಯಿಲ್ (ಲಿಕ್ವಿಡ್ ಬಿಸಿ ಮಾಡುವ ತಂತಿ ಸುರುಳಿ) 0.2 ಓಮ್, 60 ವಾಟ್ ಬಿಸಿ, ಗಾಳಿ ಧಾರಾಳ, ಲಿಕ್ವಿಡ್‌ನಲ್ಲಿ ನೂರಕ್ಕೆ 70 ಭಾಗ ಗ್ಲಿಸರಿನ್. ಹೊಗೆ ಜಾಸ್ತಿ ಬರುವುದು ಈ ಗ್ಲಿಸರಿನ್‌ನಿಂದಲೇ (ನಿಜ ಹೇಳಬೇಕೆಂದರೆ ಅದು ಹೊಗೆಯೂ ಅಲ್ಲ, ಆವಿ). ಒಂದು ಎಳೆತಕ್ಕೆ ಅಷ್ಟೊಂದು ಆವಿ ಒಳಗೆ ಹೋಗುವುದರಿಂದ ನಿಕೋಟಿನ್ ಮಿಲಿಗೆ ಬರೀ 3 ಮಿಲಿಗ್ರಾಂ ಹಾಕಿಕೊಳ್ಳುತ್ತಾರೆ. ಹೀಗೆ ಸೇದುವವರಿಗೆ ಅದು ಚೆನ್ನಾಗಿರುತ್ತದೆ, ಸುಳ್ಳಲ್ಲ. ನನಗೆ ಮಾತ್ರ ಹುಕ್ಕಾ ಹೊತ್ತುಕೊಂಡು ಓಡಾಡಿದ ಹಾಗೆ ಅನಿಸುತ್ತಿತ್ತು. ಜೇಬಿಗೆ ಹಿಡಿಸುತ್ತಿರಲಿಲ್ಲ, 50 ಮಿಲಿ ಬಾಟಲಿ ವಾರಕ್ಕೆ ಖಾಲಿ, ಅಷ್ಟಾದರೂ ಬೆಳಗ್ಗೆ ಎದ್ದ ತಕ್ಷಣ ಬೇಕೆನಿಸುವ ಆ ಮೊದಲ ಸಿಗರೇಟಿನ ತಲಬು ಇಳಿಯುತ್ತಿರಲಿಲ್ಲ. ಮಾವಿನ ಹಣ್ಣಿನ ಫ್ಲೇವರ್ ಬೇರೆ ತಂದಿದ್ದೆ. ಮೂರನೇ ದಿನ ಹೆಂಡತಿ, "ರೀ, ಮನೆಯೆಲ್ಲಾ ಮಾವಿನ ಮಂಡಿ ಥರ ಆಗಿದೆ, ಹೊರಗೆ ಹೋಗ್ರೀ" ಅಂದಳು. ಹೊರಗೆ ಹೋದೆ. ಹೋದವನು ಸಿಗರೇಟು ಹಚ್ಚಿದೆ.

ಎರಡನೆಯದು ಬಿಸಾಡುವ ವೇಪ್. 2022ರ ಬೇಸಿಗೆಯಲ್ಲಿ ಮೂಲೆ ಅಂಗಡಿಯಲ್ಲೆಲ್ಲಾ ಚಾಕೊಲೇಟ್ ಪಕ್ಕದಲ್ಲೇ ಜೋಡಿಸಿಟ್ಟಿರುತ್ತಿದ್ದರು, ಐದಾರು ಪೌಂಡ್‌ಗೆ ಒಂದು. ಬಟನ್ ಇಲ್ಲ, ತುಂಬಿಸುವುದಿಲ್ಲ, ಬಾಯಿಗಿಟ್ಟು ಎಳೆದರೆ ಆಯಿತು. ಒಳಗೆ 2 ಮಿಲಿ ಲಿಕ್ವಿಡ್, ಮಿಲಿಗೆ 20 ಮಿಲಿಗ್ರಾಂ ನಿಕೋಟಿನ್. ಇಲ್ಲಿನ ಕಾನೂನಿನಲ್ಲಿ ಅದಕ್ಕಿಂತ ಮೇಲೆ ಇಡುವ ಹಾಗಿಲ್ಲ. ತಲಬು ಚೆನ್ನಾಗಿ ಇಳಿಯಿತು, ಒಪ್ಪಿಕೊಳ್ಳುತ್ತೇನೆ. ಕಷ್ಟ ಏನೆಂದರೆ ಸಿಗರೇಟಿಗೆ ಒಂದು ಕೊನೆ ಅಂತ ಇರುತ್ತದೆ, ಬೆರಳು ಸುಡುವ ಹೊತ್ತಿಗೆ ಬಿಸಾಡುತ್ತೀರಿ. ಇದಕ್ಕೆ ಕೊನೆಯೇ ಇಲ್ಲ. ಟೀಮ್ಸ್ ಕಾಲ್ ನಡೆಯುವಾಗ ಕ್ಯಾಮೆರಾ ಆಫ್ ಮಾಡಿ ಎಳೆಯುತ್ತಿದ್ದೆ, ಬಾತ್‌ರೂಮಿನಲ್ಲಿ ಎಳೆಯುತ್ತಿದ್ದೆ, ರಾತ್ರಿ ಎಚ್ಚರವಾದರೆ ದಿಂಬಿನ ಕೆಳಗೆ ಕೈ ಹೋಗುತ್ತಿತ್ತು. ಸಿಗರೇಟು ಸೇದುತ್ತಿದ್ದ ಕಾಲದಲ್ಲೂ ರಾತ್ರಿ ಎದ್ದು ಸೇದಿದವನಲ್ಲ ನಾನು. ಎರಡು ದಿನಕ್ಕೊಂದು ಮುಗಿಯತೊಡಗಿತು. ಡ್ರಾಯರ್‌ನಲ್ಲಿ ಖಾಲಿಯಾದವು ಗುಡ್ಡೆ ಬಿದ್ದಿದ್ದವು. ಪ್ರತಿಯೊಂದರಲ್ಲೂ ಲಿಥಿಯಂ ಬ್ಯಾಟರಿ, ಕಸದ ಡಬ್ಬಕ್ಕೆ ಹಾಕೋ ಹಾಗಿಲ್ಲ. 2025ರ ಜೂನ್ 1ರಿಂದ ಇಲ್ಲಿ ಇವುಗಳ ಮಾರಾಟವೇ ನಿಂತಿದೆ, ಒಳ್ಳೆಯದಾಯಿತು. ಆದರೆ ಹುಷಾರು, ಅದೇ ಆಕಾರದಲ್ಲಿ ಚಾರ್ಜಿಂಗ್ ಪೋರ್ಟ್ ಒಂದನ್ನು ಸೇರಿಸಿ, ಪಾಡ್ (ಲಿಕ್ವಿಡ್, ಕಾಯಿಲ್ ಎರಡೂ ಇರುವ ಸಣ್ಣ ಡಬ್ಬಿ) ಬದಲಿಸುವ ಹಾಗೆ ಮಾಡಿ ಈಗಲೂ ಮಾರುತ್ತಾರೆ.

ಆ ವರ್ಷ ಪೂರ್ತಿ ಎರಡೂ ನಡೆಯಿತು, ಜೇಬಲ್ಲಿ ವೇಪು, ಕಾರಲ್ಲಿ ಸಿಗರೇಟು.

2023ರ ಜನವರಿಯಲ್ಲಿ ಹೆಂಡತಿಯ ಕಾಟಕ್ಕೆ ಸಿಗರೇಟು ಬಿಡಿಸುವ ಉಚಿತ ಸೇವೆಗೆ ಹೆಸರು ಕೊಟ್ಟೆ. ಒಬ್ಬರು ಹಿರಿಯ ಹೆಂಗಸು, ನಮ್ಮ ಹೈಸ್ಕೂಲ್ ಟೀಚರ್ ಥರ. ಮೊದಲು ಒಂದು ಸಣ್ಣ ಮಷೀನಿಗೆ ಊದಿಸಿದರು. ಸಿಗರೇಟು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಉಸಿರಲ್ಲಿ ಎಷ್ಟಿದೆ ಅಂತ ಅಳೆಯುತ್ತದೆ ಅದು. ನನ್ನದು 17 ಬಂತು. ಸೇದದವರದು 6ಕ್ಕಿಂತ ಕಡಿಮೆ ಇರುತ್ತದಂತೆ. ಆಮೇಲೆ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ಕೈಗೆ ಕೊಟ್ಟು, "ಇದೇ ಸಿಗರೇಟು ಅಂದುಕೊಂಡು ಸೇದಿ ತೋರಿಸಿ" ಅಂದರು. ನಾಚಿಕೆಯಾಯಿತು, ಆದರೂ ತೋರಿಸಿದೆ. "ನಿಮ್ಮ ಕೆನ್ನೆ ನೋಡಿ" ಅಂದರು. ಹೌದು, ಎರಡೂ ಕೆನ್ನೆ ಗುಳಿ ಬಿದ್ದಿದ್ದವು. ಬಾಯಿಗೆ ಎಳೆದು, ಒಂದು ಕ್ಷಣ ಹಿಡಿದು, ಆಮೇಲೆ ಒಳಗೆ. ಮೂರು ಜನ ಒಂದು ಸಿಗರೇಟು ಹಂಚಿಕೊಂಡ ಕಾಲದ್ದು. ಇಪ್ಪತ್ತು ವರ್ಷದಿಂದ ಹೀಗೆ ಎಳೆಯುವವನಿಗೆ ನೇರ ಎದೆಗೆ ಎಳೆಯುವ ಡಿವೈಸ್ ಹಿಡಿಸುವುದಾದರೂ ಹೇಗೆ, ಅಂತ ಅವರೇ ಕೇಳಿದರು. ಒಂದು ವರ್ಷದಲ್ಲಿ ಯಾವ ಅಂಗಡಿಯವನೂ ಈ ಪ್ರಶ್ನೆ ಕೇಳಿರಲಿಲ್ಲ. ಅವರೆಲ್ಲ ಕೇಳಿದ್ದು ಒಂದೇ, "ಯಾವ ಫ್ಲೇವರ್ ಬೇಕು?"

ಹೀಗೆ ಬಂದದ್ದು ಮೂರನೆಯದು, ತುಂಬಿಸುವ ಪಾಡ್ ಇರುವ ಸಣ್ಣ ವೇಪ್. ಬೆಂಕಿಪೊಟ್ಟಣಕ್ಕಿಂತ ಉದ್ದ, ಪೆನ್ ಡ್ರೈವ್‌ಗಿಂತ ದಪ್ಪ, 20 ಪೌಂಡ್ ಆಸುಪಾಸು. ಮೂರು ವರ್ಷದಲ್ಲಿ ಎರಡು ಸವೆಸಿದ್ದೇನೆ, ಎರಡೂ ಒಂದೇ ಥರದ್ದು. ಇದರಲ್ಲಿ ನನಗೆ ಮುಖ್ಯವಾದದ್ದು ಗಾಳಿ ಹೊಂದಿಸುವ ಸಣ್ಣ ಕಿಂಡಿ. ಪೂರ್ತಿ ತೆರೆದರೆ ಸಡಿಲ, ಮುಕ್ಕಾಲು ಮುಚ್ಚಿದರೆ ದಪ್ಪ ಮಿಲ್ಕ್‌ಶೇಕನ್ನು ಸ್ಟ್ರಾದಲ್ಲಿ ಎಳೆದ ಹಾಗೆ ಬಿಗಿ. ನನ್ನದು ಯಾವಾಗಲೂ ಮುಕ್ಕಾಲು ಮುಚ್ಚಿಯೇ ಇರುತ್ತದೆ. ಕಾಯಿಲ್ 1 ಓಮ್ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ, 12 ವಾಟ್ ಸುತ್ತಮುತ್ತ. ಲಿಕ್ವಿಡ್ ಅರ್ಧ ಗ್ಲಿಸರಿನ್, ಅರ್ಧ ಅದಕ್ಕಿಂತ ತೆಳುವಾದ ಪ್ರೊಪಿಲೀನ್ ಗ್ಲೈಕಾಲ್. ಬಾಕ್ಸ್ ಮಾಡ್‌ಗೆ ಹಾಕುವ ಗಟ್ಟಿ ಲಿಕ್ವಿಡ್ ಇದಕ್ಕೆ ಹಾಕಿದರೆ ಕಾಯಿಲ್‌ನ ಹತ್ತಿಗೆ ಇಳಿಯುವುದೇ ಇಲ್ಲ, ಸುಟ್ಟ ವಾಸನೆ ಬರುತ್ತದೆ. ನಾನು ಉಳಿದಿದ್ದ ಮಾವು ದಂಡವಾಗಬಾರದು ಅಂತ ಹಾಕಿ ಒಂದು ಪಾಡನ್ನೇ ಹಾಳು ಮಾಡಿದೆ, ಜಿಪುಣತನ.

ನಾಲ್ಕು ವಾರಕ್ಕೆ ಮತ್ತೆ ಊದಿದಾಗ ಮಷೀನಿನಲ್ಲಿ 2. ಸಿಗರೇಟು ಪೂರ್ತಿ ನಿಂತಿತ್ತು. ವೇಪ್‌ನಲ್ಲಿ ಏನೂ ಉರಿಯುವುದಿಲ್ಲ, ಹಾಗಾಗಿ ಟಾರೂ ಇಲ್ಲ, ಕಾರ್ಬನ್ ಮೊನಾಕ್ಸೈಡೂ ಇಲ್ಲ. ಹಾಗಂತ ಇದು ತುಳಸಿ ಕಷಾಯ ಅಲ್ಲ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುವುದೂ ಅದೇ, ಸಿಗರೇಟಿಗಿಂತ ಹಾನಿ ಬಹಳ ಕಡಿಮೆ, ಹಾನಿಯೇ ಇಲ್ಲ ಅಂತಲ್ಲ. ನನಗೆ ಬಾಯಿ ಒಣಗುವುದು ಈಗಲೂ ಇದೆ, ನೀರಿನ ಬಾಟಲಿ ಪಕ್ಕದಲ್ಲೇ ಇರಬೇಕು.

ನಿಕೋಟಿನ್ ವಿಷಯದಲ್ಲಿ ಎರಡು ಜಾತಿ ಇದೆ, ಆರಿಸುವಾಗ ಜನ ಎಡವುವುದು ಇಲ್ಲೇ. ಸಾಲ್ಟ್ ಅನ್ನುವುದು ಗಂಟಲಿಗೆ ಮೃದು, ಮಿಲಿಗೆ 20 ಮಿಲಿಗ್ರಾಂ ಇದ್ದರೂ ಉರಿಯುವುದಿಲ್ಲ. ಇನ್ನೊಂದು ಜಾತಿ ಫ್ರೀಬೇಸ್ ಗಂಟಲಿಗೆ ಹಿಡಿಯುತ್ತದೆ, ಅದೇ 20 ಹಾಕಿದರೆ ತಡೆಯಲಾಗುವುದಿಲ್ಲ. ಶುರುವಿಗೆ ಸಾಲ್ಟ್ 20 ಸರಿಯಾಯಿತು, ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಬೇಕು ಅನ್ನುವವರಿಗೆ ಕಡಿಮೆ ಸಾಲುವುದಿಲ್ಲ. ಎಂಟು ತಿಂಗಳ ಮೇಲೆ 10ಕ್ಕೆ ಇಳಿಸಿದೆ. ಅಲ್ಲಿ ಏನೋ ಸಪ್ಪೆ, ಉಪ್ಪಿಲ್ಲದ ಸಾರಿನ ಥರ. ಆಮೇಲೆ ಗೊತ್ತಾಯಿತು, ನನಗೆ ಬೇಕಾಗಿದ್ದು ನಿಕೋಟಿನ್ ಒಂದೇ ಅಲ್ಲ, ಗಂಟಲಿಗೆ ಆ ಸಣ್ಣ ಹಿಡಿತವೂ ಬೇಕು. ಫ್ರೀಬೇಸ್ 6 ತಂದು ನೋಡಿದೆ. ನಿಕೋಟಿನ್ ಕಡಿಮೆಯಾದರೂ ತೃಪ್ತಿ ಜಾಸ್ತಿ. ಈಗಲೂ ಅದರಲ್ಲೇ ಇದ್ದೇನೆ.

ಫ್ಲೇವರ್ ಬಗ್ಗೆ ಜಾಸ್ತಿ ಹೇಳಲ್ಲ, ಅದು ಅವರವರ ನಾಲಿಗೆ. ಒಂದು ಮಾತ್ರ ಕೈ ಸುಟ್ಟುಕೊಂಡು ಕಲಿತದ್ದು: ಸಿಹಿ ಜಾಸ್ತಿ ಇದ್ದಷ್ಟೂ ಕಾಯಿಲ್ ಬೇಗ ಸಾಯುತ್ತದೆ. ಸಿಹಿಗೆ ಹಾಕುವ ಸುಕ್ರಲೋಸ್ ಬಿಸಿಗೆ ಬೆಲ್ಲದ ಪಾಕ ತಳ ಹಿಡಿದ ಹಾಗೆ ಕರ್ರಗೆ ಕೂರುತ್ತದೆ. ಹಣ್ಣಿನದ್ದು ಐದಾರು ದಿನಕ್ಕೇ ಸುಟ್ಟ ರುಚಿ ಕೊಟ್ಟಿತು. ಸಾದಾ ತಂಬಾಕು, ಪುದೀನ ಹಾಕಿದರೆ ಅದೇ ಪಾಡ್ ಎರಡೂವರೆ ವಾರ ಬರುತ್ತದೆ.

ತೊಂದರೆ ಇಲ್ಲ ಅಂತಲ್ಲ. ಸೋರುತ್ತದೆ. ಯಾವ ಪಾಡೇ ಆಗಲಿ ಒಂದಲ್ಲ ಒಂದು ದಿನ ಸೋರುತ್ತದೆ, "ಲೀಕ್ ಪ್ರೂಫ್" ಅಂತ ಡಬ್ಬದ ಮೇಲೆ ಬರೆದಿದ್ದರೂ ಅಷ್ಟೇ. ಒಮ್ಮೆ ಮಲಗಿಸಿ ಇಟ್ಟಿದ್ದು ಬೆಳಗ್ಗೆ ನೋಡಿದರೆ ಕಛೇರಿ ಬ್ಯಾಗಿನ ಒಳಪದರವೆಲ್ಲ ಅಂಟು. ಪಾಡ್ ಕಿತ್ತರೆ ಕೆಳಗೆ ಎರಡು ಚಿನ್ನದ ಬಣ್ಣದ ಪಿನ್ ಇರುತ್ತವೆ, ಅದರ ಸುತ್ತ ಜೇನು ಹನಿಯ ಹಾಗೆ ಲಿಕ್ವಿಡ್ ಕೂತಿರುತ್ತದೆ. ಎರಡು ದಿನಕ್ಕೊಮ್ಮೆ ಟಿಶ್ಯೂ ಮೂಲೆಯನ್ನು ಹುರಿ ಮಾಡಿ ಅಲ್ಲಿ ತಿರುಗಿಸಿ ಒರೆಸುತ್ತೇನೆ. ಒರೆಸದಿದ್ದರೆ ಪಾಡೇ ಇಲ್ಲ ಅಂತ ಲೈಟ್ ಮಿಣಮಿಣ ಅನ್ನುತ್ತದೆ. ಹೊಸ ಪಾಡ್ ತುಂಬಿದ ಮೇಲೆ ಹತ್ತು ನಿಮಿಷ ಸುಮ್ನೆ ಇಡಬೇಕು, ಹತ್ತಿ ನೆನೆಯಲಿ. ಆತುರಪಟ್ಟು ಎಳೆದರೆ ಸುಟ್ಟ ಬಟ್ಟೆ ತಿಂದ ಹಾಗೆ ಆಗುತ್ತದೆ, ಆ ಪಾಡ್ ಮತ್ತೆ ಸರಿಹೋಗುವುದಿಲ್ಲ. ಬ್ಯಾಟರಿ ಮೊದಲ ವರ್ಷ ಒಂದೂವರೆ ದಿನ ಬರುತ್ತಿತ್ತು, ಎರಡನೇ ವರ್ಷದ ಕೊನೆಗೆ ಸಂಜೆ ನಾಲ್ಕಕ್ಕೆ ಕೈ ಕೊಡುತ್ತಿತ್ತು. ಬ್ಯಾಟರಿ ಒಳಗೇ ಕೂತಿರುವುದರಿಂದ ಬದಲಿಸೋಕೆ ಆಗಲ್ಲ, ಇಡೀ ಡಿವೈಸ್ ಹೊಸದು ತರಬೇಕಾಯಿತು. ಇದು ನನ್ನ ದೊಡ್ಡ ದೂರು.

ಊರಿಗೆ ಹೋಗುವುದೇ ನಿಜವಾದ ಪರೀಕ್ಷೆ. 2024ರ ಡಿಸೆಂಬರ್‌ನಲ್ಲಿ ಮೂರು ವಾರ ಬಂದಿದ್ದೆ. ವೇಪನ್ನು ರೆಡಿಂಗ್ ಮನೆಯ ಡ್ರಾಯರ್‌ನಲ್ಲೇ ಬಿಟ್ಟೆ. "ಎಲ್ಲರೂ ತರ್ತಾರೆ, ಏನೂ ಆಗಲ್ಲ" ಅಂತ ಹೇಳಿದವರು ಬೇಕಾದಷ್ಟು ಜನ. ಆದರೆ ತರುವುದು ಕಾನೂನಿಗೆ ವಿರುದ್ಧ, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಪೌಂಡಿನ ವಸ್ತುವಿಗೆ ಅದು ಬೇಕಾ? ನಿಕೋಟಿನ್ ಇರುವ ಪ್ಯಾಚು (ಚರ್ಮಕ್ಕೆ ಅಂಟಿಸುವ ಪಟ್ಟಿ), ಗಮ್ಮು ಹಿಡಿದುಕೊಂಡು ಹೋದೆ. ಗಮ್ಮನ್ನು ಬಬಲ್ ಗಮ್ ಥರ ಅಗಿಯಬಾರದು, ನಾಲ್ಕು ಸಲ ಅಗಿದು ಖಾರ ಬಂದ ತಕ್ಷಣ ದವಡೆಗೆ ಒತ್ತರಿಸಿ ಇಟ್ಟುಕೊಳ್ಳಬೇಕು, ನಮ್ಮಜ್ಜಿ ಎಲೆಅಡಿಕೆ ಇಟ್ಟುಕೊಳ್ಳುತ್ತಿದ್ದ ಹಾಗೆ. ಅಮ್ಮ ನೋಡಿ, "ಏನೋ ಅದು, ಲಂಡನ್ನಿಗೆ ಹೋಗಿ ಗುಟ್ಕಾ ಕಲ್ತ್ಯಾ?" ಅಂದರು. ಗಮ್ಮು ಅಂತ ಹೇಳಿದರೂ ಎರಡು ದಿನ ನಂಬಲಿಲ್ಲ. ಹಳೇ ಗೆಳೆಯರ ಜೊತೆ ಮಂಡಕ್ಕಿ ಅಂಗಡಿ ಮುಂದೆ ನಿಂತಾಗ ಕೈಗೆ ಸಿಗರೇಟು ಬಂತು. ಮೂರು ಎಳೆತ ಎಳೆದೆ, ಸುಳ್ಳು ಹೇಳಲ್ಲ. ಹಳೇ ರುಚಿ ಇರಲಿಲ್ಲ, ಬೂದಿ ನೆಕ್ಕಿದ ಹಾಗಿತ್ತು. ಪಕ್ಕದವನಿಗೆ ದಾಟಿಸಿದೆ.

ಖರ್ಚು ಈಗ ತಿಂಗಳಿಗೆ 35 ಪೌಂಡ್ ಒಳಗೆ, ಲಿಕ್ವಿಡ್ ಮತ್ತು ಪಾಡ್ ಸೇರಿ. ಆದರೆ 2026ರ ಅಕ್ಟೋಬರ್ 1ರಿಂದ ಇಲ್ಲಿ ಪ್ರತಿ 10 ಮಿಲಿ ಲಿಕ್ವಿಡ್‌ಗೆ 2 ಪೌಂಡ್ 20 ಪೆನ್ಸ್ ತೆರಿಗೆ ಅಂತ ನಿಗದಿಯಾಗಿದೆ, ನಿಕೋಟಿನ್ ಇರಲಿ ಬಿಡಲಿ. ನನ್ನ ಬಾಟಲಿಯ ಬೆಲೆ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಅಷ್ಟರೊಳಗೆ 6ರಿಂದ 3ಕ್ಕೆ ಇಳಿದು, ಆಮೇಲೆ ಬಿಟ್ಟೇ ಬಿಡುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೇನೆ. "ನೋಡೋಣ ನೋಡೋಣ" ಅಂದಳು ಹೆಂಡತಿ. ಡ್ರಾಯರ್‌ನಲ್ಲಿ ನಾಲ್ಕು ಪ್ಯಾಕ್ ಹೊಸ ಪಾಡ್ ಇರುವುದು ಅವಳಿಗೆ ಗೊತ್ತು.