ಘಟ್ಟದ ಮೇಲೆ ಅಗ್ಗದ ಗಾಲ್ಫ್ ಎಂದು ಹಣ ಹಾಕುವ ಮೊದಲು ಇದನ್ನು ಓದಿ

ಮಂಗಳೂರು, ಉಡುಪಿ ಕಡೆ ಗಾಲ್ಫ್ ಆಡುವವರು ಜಾಸ್ತಿ ಇಲ್ಲ. ಇರುವವರಲ್ಲಿ ಹೆಚ್ಚಿನವರು ನನ್ನ ಹಾಗೆ. ಕೆಲಸಕ್ಕೆಂದು ಬೆಂಗಳೂರಿಗೋ ಮುಂಬೈಗೋ ಗಲ್ಫಿಗೋ ಹೋಗಿ ಅಲ್ಲಿ ಕಲಿತವರು. ಊರಿಗೆ ಬಂದ ಮೇಲೆ ಆಡಲು ಜಾಗ ಹುಡುಕುವವರು. ಹತ್ತಿರಕ್ಕೆ ಪಿಲಿಕುಳದ ಗಾಲ್ಫ್ ಕೋರ್ಸ್ (ಮೈದಾನ) ಇದೆ. ಅದು ಬಿಟ್ಟರೆ ಘಟ್ಟ ಹತ್ತಬೇಕು. ಅಲ್ಲಿ ನಾವು ಯಾವ ಕ್ಲಬ್ಬಿನ ಸದಸ್ಯರೂ ಅಲ್ಲ, ಒಂದು ದಿನದ ಫೀಸು ಕಟ್ಟಿ ಆಡಿ ಬರುವ ಹೊರಗಿನವರು. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕಳೆದ ಅಕ್ಟೋಬರಿನಲ್ಲಿ ನಾವು ನಾಲ್ಕು ಜನ ಹೋಗಿ, 21,600 ರೂಪಾಯಿ ಕೊಟ್ಟು, ಒಂದು ಆಟವನ್ನೂ ನೆಟ್ಟಗೆ ಮುಗಿಸದೆ ಬಂದೆವು. ಹಣ ಹೋದದ್ದು ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದು ಆಗುವುದರಲ್ಲಿತ್ತು. ಅದನ್ನೂ ಹೇಳುತ್ತೇನೆ.

ಮೊದಲು ಭಾವನ ವಿಷಯ ಹೇಳಬೇಕು. ನನ್ನ ಅಕ್ಕನ ಗಂಡ. ಇಪ್ಪತ್ತಾರು ವರ್ಷ ಗಲ್ಫಿನಲ್ಲಿ ತೈಲ ಕಂಪನಿಯ ಕೆಲಸದಲ್ಲಿದ್ದರು. ಅವರು ಗಾಲ್ಫ್ ಕಲಿತದ್ದು ಮರಳಿನ ಮೇಲೆ. ಒಂದು ಗರಿ ಹುಲ್ಲು ಇಲ್ಲದ ಕೋರ್ಸ್ ಅದು. ಗ್ರೀನ್ (ಹೋಲ್, ಅಂದರೆ ಚೆಂಡು ಬೀಳಬೇಕಾದ ಗುಂಡಿ ಇರುವ ನುಣುಪು ಹುಲ್ಲು) ಇರಬೇಕಾದ ಜಾಗದಲ್ಲಿ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ಮರಳು. ಅದಕ್ಕೆ ಅಲ್ಲಿನವರು ಬ್ರೌನ್ ಎನ್ನುತ್ತಾರೆ. ಆಡುವವರು ಒಂದು ತುಂಡು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಿಡಿದುಕೊಂಡೇ ನಡೆಯಬೇಕು. ಚೆಂಡು ಫೇರ್‌ವೇಯಲ್ಲಿ, ಅಂದರೆ ಗ್ರೀನಿಗೆ ಹೋಗುವ ದಾರಿಯಲ್ಲಿ ಇದ್ದರೆ ಅದನ್ನು ಆ ಚಾಪೆಯ ಮೇಲಿಟ್ಟು ಹೊಡೆಯಬೇಕು. ಭಾವ ಆ ಚಾಪೆಯನ್ನು ಕುಂದಾಪುರದ ಮನೆಯಲ್ಲಿ ಇನ್ನೂ ಇಟ್ಟುಕೊಂಡಿದ್ದಾರೆ. ಈಗ ಅವರಿಗೆ 67. "ಮರದ ನೆರಳಲ್ಲಿ, ಹಸಿ ಹುಲ್ಲಿನ ಮೇಲೆ ಒಂದು ಸಲ ಪೂರಾ 18 ಹೋಲ್ ಆಡ್ಬೇಕು ಮಾರಾಯ" ಎಂದು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಅಂಥ ಕೋರ್ಸಿಗೇ ಪಾರ್ಕ್‌ಲ್ಯಾಂಡ್ ಎನ್ನುವುದು. ಸ್ಕಾಟ್ಲೆಂಡಿನಲ್ಲಿ ಈ ಆಟ ಬೆಳೆದದ್ದು ಕಡಲ ಬದಿಯ ಮರಳು ದಿಬ್ಬಗಳ ಮೇಲೆ, ಅದು ಲಿಂಕ್ಸ್. ಒಳನಾಡಿನಲ್ಲಿ ಮರಗಳ ನಡುವೆ ದಟ್ಟ ಹುಲ್ಲು ಬೆಳೆಸಿ ಮಾಡಿದ್ದು ಪಾರ್ಕ್‌ಲ್ಯಾಂಡ್. ಕೊಡಗು, ಚಿಕ್ಕಮಗಳೂರು, ಮೈಸೂರು ಕಡೆ ನಾವು ಆಡುವುದೆಲ್ಲ ಇದೇ ಜಾತಿ. ನೋಡಲು ಕಣ್ಣಿಗೆ ತಂಪು. ಆದರೆ ಅದರ ಮಣ್ಣು ಮರಳಿನ ಹಾಗೆ ನೀರು ಬಿಡುವುದಿಲ್ಲ. ಈ ಮಾತು ಮುಂದೆ ಬರುತ್ತದೆ.

ಸೆಪ್ಟೆಂಬರ್ ಕೊನೆಗೆ ನಮ್ಮ ಹಳೆಯ ಬ್ಯಾಂಕ್ ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ಒಬ್ಬರಿಗೆ 2,500 ರೂಪಾಯಿ. 18 ಹೋಲ್, ಕ್ಯಾಡಿ (ಚೀಲ ಹೊರುವವರು), ಮಧ್ಯಾಹ್ನದ ಊಟ, ಎಲ್ಲ ಸೇರಿ. ಜೊತೆಗೆ ಒಂದು ಚಿತ್ರ. ಕೆರೆ, ಕೆರೆಯ ಆಚೆ ದಡದಲ್ಲಿ ಹಸಿರು ಗ್ರೀನ್. ಕಳಿಸಿದ್ದು ಮಂಗಳೂರಿನಲ್ಲಿ ಟ್ರಾವೆಲ್ಸ್ ನಡೆಸುವ ಒಬ್ಬರು. ಫೋನ್ ಮಾಡಿದೆ.

"ಅಲ್ಲಿ ನಮ್ಮ ಜನ ಇದ್ದಾರೆ ಸರ್. ನೀವು ಹೋಗಿ ನಿಂತರೆ ಸಾಕು."

"ರಶೀದಿ ಕೊಡ್ತೀರಾ?"

"ಯುಪಿಐ ಮೆಸೇಜೇ ರಶೀದಿ ಅಲ್ವಾ ಸರ್?"

ನಾಲ್ಕು ಜನರದ್ದು ಸೇರಿಸಿ 10,000 ಹಾಕಿದೆ. ಕ್ಲಬ್ಬಿನ ಆಫೀಸಿಗೆ ಒಂದು ಫೋನ್ ಮಾಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಎರಡು ನಿಮಿಷದ ಕೆಲಸ ಅದು. ಮುಂದೆ ಆದದ್ದೆಲ್ಲ ಆ ಒಂದು ಫೋನ್ ಮಾಡದ್ದರಿಂದ ಆದದ್ದು. ಅದು ನನ್ನದೇ ತಪ್ಪು.

ಬೆಳಿಗ್ಗೆ ನಾಲ್ಕಕ್ಕೆ ಉಡುಪಿ ಬಿಟ್ಟೆವು. ಭಾವ ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬಂದು, ಶೂಗೆ ಪಾಲಿಶ್ ಹಾಕಿ ತಯಾರಾಗಿದ್ದರು. ಯಾವ ಘಾಟಿ ಹತ್ತಿದೆವು, ಯಾವ ಊರು ಎಂದು ನಾನು ಹೇಳುವುದಿಲ್ಲ. ಆ ಕ್ಲಬ್ಬಿನವರ ತಪ್ಪು ಇದರಲ್ಲಿ ಕಡಿಮೆ, ಸುಮ್ನೆ ಅವರ ಹೆಸರು ಕೆಡುವುದು ಬೇಡ.

ಒಂಬತ್ತಕ್ಕೆ ತಲುಪಿದೆವು. ಆಫೀಸಿನವರು ಪುಸ್ತಕ ತಿರುವಿ ನೋಡಿದರು. ನಮ್ಮ ಹೆಸರು ಇಲ್ಲ. "ನಿಮ್ಮನ್ನು ಕರೆದ ಮೆಂಬರ್ ಎಲ್ಲಿದ್ದಾರೆ ಸರ್?" ಎಂದು ಕೇಳಿದರು. ಆಗ ಗೊತ್ತಾಯಿತು. ಅಲ್ಲಿ ಹೊರಗಿನವರಿಗೆ ಎರಡು ದರ. ಸದಸ್ಯರ ಅತಿಥಿಯಾಗಿ ಬಂದರೆ ಒಂದು, ನಾವಾಗಿಯೇ ಬಂದರೆ ಇನ್ನೊಂದು. ಮೊದಲನೆಯದು ಕಡಿಮೆ, ಆದರೆ ಆ ಸದಸ್ಯರೂ ನಮ್ಮ ಜೊತೆ ಇರಬೇಕು. ನಮಗೆ ಹೇಳಿದ ರೇಟು ಆ ಕಡಿಮೆ ದರದ ಮೇಲೆ ಹಾಕಿದ ಲೆಕ್ಕ. ಸದಸ್ಯರೂ ಇಲ್ಲ, ಬುಕಿಂಗೂ ಇಲ್ಲ, ಹಣವೂ ಅಲ್ಲಿಗೆ ತಲುಪಿಲ್ಲ. ಟ್ರಾವೆಲ್ಸಿನವರಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಕಟ್ ಆಯಿತು. ಆರು ಸಲ.

ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ಹೇಳುವ ಅಂಕೆ, ಕಡಿಮೆ ಇದ್ದಷ್ಟೂ ಒಳ್ಳೆಯ ಆಟ) ಎಷ್ಟು ಎಂದೂ ಕೇಳಿದರು. 2020ರಿಂದ ಜಗತ್ತಿನ ಹೆಚ್ಚಿನ ಕಡೆ ಒಂದೇ ಹ್ಯಾಂಡಿಕ್ಯಾಪ್ ಲೆಕ್ಕ ಬಂದಿದೆ, ಗರಿಷ್ಠ 54. ನನ್ನದು 24. ಗೆಳೆಯರಿಬ್ಬರ ಹತ್ತಿರ ಏನೂ ದಾಖಲೆ ಇರಲಿಲ್ಲ. "ವಾರದ ನಡುವೆ ಬಂದಿದ್ದೀರಿ, ಇರಲಿ. ಭಾನುವಾರವಾಗಿದ್ದರೆ ಬಿಡುತ್ತಿರಲಿಲ್ಲ" ಎಂದರು. ವಿಸಿಟರ್ ಫೀಸು ತಲಾ 1,800. ಕ್ಯಾಡಿಗೆ ತಲಾ 500. ಒಬ್ಬ ಗೆಳೆಯರಿಗೆ ಗಾಲ್ಫ್ ಕೋಲುಗಳ ಸೆಟ್ ಬಾಡಿಗೆ 800. ಊಟಕ್ಕೆ ನಾಲ್ವರದ್ದು 1,600. ಒಟ್ಟು 11,600, ಮೊದಲು ಹಾಕಿದ ಹತ್ತು ಸಾವಿರ ಬೇರೆ. ಡೀಸೆಲ್ ಲೆಕ್ಕ ಇದರಲ್ಲಿಲ್ಲ. ಅಂದರೆ ಒಬ್ಬೊಬ್ಬರಿಗೆ 5,400 ಬಿತ್ತು. ಹೇಳಿದ್ದರ ದುಪ್ಪಟ್ಟಿಗೂ ಜಾಸ್ತಿ. ವಾಪಸ್ ಹೋಗೋಣ ಎಂದು ನನ್ನ ಬಾಯಿಗೆ ಬಂದಿತ್ತು. ಭಾವ ಹುಲ್ಲಿನ ಮೇಲೆ ಬಗ್ಗಿ ಅಂಗೈಯಿಂದ ಸವರುತ್ತಿದ್ದರು. ಹೇಳಲು ಆಗಲಿಲ್ಲ.

ಹದಿನೆಂಟು ಹೋಲ್ ಎಂದಿದ್ದರಲ್ಲ, ಅಲ್ಲಿದ್ದದ್ದು ಒಂಬತ್ತು. ಎರಡು ಸುತ್ತು ಆಡಬೇಕು, ಎರಡನೇ ಸುತ್ತಿಗೆ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗ, ಬೇರೆ. ಸಣ್ಣ ಕ್ಲಬ್‌ಗಳಲ್ಲಿ ಇದು ಮಾಮೂಲು, ಮೋಸವೇನಲ್ಲ. ಆದರೆ ಆ ಒಂಬತ್ತರಲ್ಲಿ ಐದು ಗ್ರೀನ್ ಮುಚ್ಚಿದ್ದರು. ಮಳೆಗಾಲ ಪೂರ್ತಿ ನೀರು ಕುಡಿದು, ಜನ ನಡೆದು, ಯಂತ್ರ ಓಡಿ ಗ್ರೀನಿನ ಮಣ್ಣು ಗಟ್ಟಿ ಕೂತಿರುತ್ತದೆ. ಬೇರಿಗೆ ಗಾಳಿ ಹೋಗುವುದಿಲ್ಲ. ಆಗ ಪೊಳ್ಳು ಮೊಳೆಗಳಿರುವ ಯಂತ್ರ ಓಡಿಸಿ ಬೆರಳು ಗಾತ್ರದ ಮಣ್ಣಿನ ಉಂಡೆಗಳನ್ನು ಕಿತ್ತು ತೆಗೆದು, ಆ ತೂತುಗಳಿಗೆ ಮರಳು ತುಂಬುತ್ತಾರೆ. ಹುಲ್ಲು ಮತ್ತೆ ಕೂಡಿಕೊಳ್ಳಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಚೆಂಡು ಉರುಳುವುದಿಲ್ಲ, ಕುಪ್ಪಳಿಸುತ್ತದೆ. ಇದು ಮಾಡಲೇಬೇಕಾದ ಕೆಲಸ, ಮಾಡದ ಕ್ಲಬ್ಬೇ ಕೆಟ್ಟದ್ದು. ಆದರೆ ಐದು ಗಂಟೆ ಕಾರಿನಲ್ಲಿ ಕೂತು ಬಂದವನು ಆ ವಾರವೇ ಬರಬೇಕಾಗಿರಲಿಲ್ಲ. ಮುಚ್ಚಿದ ಗ್ರೀನಿನ ಬದಲಿಗೆ ಫೇರ್‌ವೇಯಲ್ಲೇ ಒಂದು ತುಂಡು ಜಾಗದ ಹುಲ್ಲು ಸಣ್ಣಗೆ ಕತ್ತರಿಸಿ ಬಾವುಟ ನೆಟ್ಟಿದ್ದರು. ಭಾವ ಅಲ್ಲಿ ಪಟ್ ಮಾಡಿ (ಚೆಂಡನ್ನು ಮೆಲ್ಲಗೆ ಉರುಳಿಸಿ), ಚೆಂಡು ಮೂರು ಅಡಿ ಪಕ್ಕಕ್ಕೆ ಹಾರಿದ್ದನ್ನು ನೋಡಿ, "ನಮ್ಮ ಮರಳೇ ಇದಕ್ಕಿಂತ ನೆಟ್ಟಗಿತ್ತಲ್ಲ" ಎಂದರು. ದೂರಿ ಹೇಳಿದ್ದಲ್ಲ, ಮೆಲ್ಲಗೆ ಹೇಳಿದ್ದು. ನನಗೆ ಅದು ಇನ್ನೂ ಚುಚ್ಚುತ್ತದೆ.

ತಗ್ಗಿನ ಫೇರ್‌ವೇಗಳಲ್ಲಿ ನೀರು ನಿಂತಿತ್ತು. ಅಂಥ ನೀರಿನಿಂದ ಚೆಂಡು ಎತ್ತಲು ದಂಡ ಇಲ್ಲ. ನೀರು ತಾಗದ ಹತ್ತಿರದ ಜಾಗ ನೋಡಿ, ಅಲ್ಲಿಂದ ಒಂದು ಗಾಲ್ಫ್ ಕೋಲಿನ ಉದ್ದದೊಳಗೆ, ಹೋಲಿಗೆ ಹತ್ತಿರವಾಗದ ಹಾಗೆ, ಮೊಣಕಾಲಿನ ಎತ್ತರದಿಂದ ಬಿಡಬೇಕು. ನಮ್ಮ ಗೆಳೆಯರೊಬ್ಬರು ಇದು ಗೊತ್ತಿಲ್ಲದೆ ಎರಡು ಸಲ ಕೆಸರಿನಿಂದಲೇ ಹೊಡೆದರು.

ನಾಲ್ಕನೇ ಹೋಲಿನ ಹತ್ತಿರ ನಾನು ಫೋನ್ ತೆಗೆದು ಕ್ಯಾಡಿಗೆ ಆ ಚಿತ್ರ ತೋರಿಸಿದೆ. ಈ ಕೆರೆ ಇರುವ ಹೋಲ್ ಯಾವುದು ಎಂದು ಕೇಳಿದೆ. ಅವರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. "ಈ ಕೆರೆ ನಮ್ಮಲ್ಲಿಲ್ಲ ಸರ್. ಇದು ನಮ್ಮ ಕೋರ್ಸೇ ಅಲ್ಲ" ಎಂದರು.

ಇನ್ನು ಸಿಡಿಲಿನ ವಿಷಯ. ದಯವಿಟ್ಟು ಇದನ್ನು ಬಿಡದೆ ಓದಿ.

ಆಫೀಸಿನ ಗಲಾಟೆಯಲ್ಲಿ ನಾವು ಶುರು ಮಾಡಿದ್ದೇ ಹತ್ತೂವರೆಗೆ. ಊಟ ಮುಗಿಸಿ ಎರಡನೇ ಸುತ್ತಿಗೆ ಹೋಗುವಾಗ ಎರಡೂಕಾಲು. ದೀಪಾವಳಿಗೆ ಮೊದಲು ಸಂಜೆ ಹೊತ್ತು ಗುಡುಗು ಮಳೆ ಬರುವುದು ನಮಗೆಲ್ಲ ಗೊತ್ತಿರುವುದೇ. ಮೂರೂವರೆಗೆ ಬೆಟ್ಟದ ಆಚೆ ಗುಡುಗಿತು. ಸೈರನ್ ಇಲ್ಲ, ಕರೆಯಲು ಯಾರೂ ಬರಲಿಲ್ಲ. ಕ್ಯಾಡಿ, "ಇನ್ನೂ ದೂರ ಇದೆ ಸರ್, ಜೋರಾದರೆ ಮರದ ಕೆಳಗೆ ನಿಲ್ಲೋಣ" ಎಂದರು. ಮಳೆ ಹನಿ ಬಿತ್ತು. ನಾವು ನಿಂತದ್ದೂ ಮರದ ಕೆಳಗೇ. ಎತ್ತರದ ಸಿಲ್ವರ್ ಓಕ್. ನಾಲ್ಕು ಜನ, ನಾಲ್ಕು ಕ್ಯಾಡಿ, ನಾಲ್ಕು ಚೀಲ ತುಂಬ ಕಬ್ಬಿಣ.

ಮಿಂಚಿತು. ನಾನು ಎಣಿಸಿದೆ. ಒಂಬತ್ತಕ್ಕೆ ಗುಡುಗು ಕೇಳಿತು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕ, ಅಂದರೆ ಸಿಡಿಲು ಮೂರು ಕಿಲೋಮೀಟರ್ ದೂರ. ಮೂವತ್ತರೊಳಗೆ ಕೇಳಿಸಿದರೇ ಒಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಹೊರಗೆ ಬರಬಾರದು. ಮರದ ಕೆಳಗೆ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವರ ಮೈಗೆ ಹಾರುತ್ತದೆ. ಪಾರ್ಕ್‌ಲ್ಯಾಂಡ್ ಕೋರ್ಸಿನಲ್ಲಿ ಎಲ್ಲಿ ನೋಡಿದರೂ ಮರವೇ, ಕೈಕಾಲು ತಾನಾಗಿ ಅದರ ಕಡೆಗೇ ಹೋಗುತ್ತದೆ. "ಭಾವ, ಚೀಲ ಬಿಡಿ, ನಡೀರಿ" ಎಂದು ಅವರ ಕೈ ಹಿಡಿದೆ. ಕ್ಯಾಡಿಗಳನ್ನೂ ಕರೆದೆ. ಗುಂಪಾಗಿ ಬೇಡ, ಬಿಡಿಬಿಡಿಯಾಗಿ ಬನ್ನಿ ಎಂದೆ. ಕ್ಲಬ್ ಕಟ್ಟಡಕ್ಕೆ ಆರುನೂರು ಮೀಟರ್ ಇರಬಹುದು. ಭಾವನ ಮಂಡಿ ನೋವಿನಲ್ಲಿ ಓಡಲು ಆಗುವುದಿಲ್ಲ. ಆ ನಡಿಗೆ ನನಗೆ ಸಾಯುವವರೆಗೆ ನೆನಪಿರುತ್ತದೆ. ಮೆಟ್ಟಿಲು ಹತ್ತುವಾಗ ಬಿದ್ದ ಸಿಡಿಲಿಗೆ ಎಣಿಸಲು ಸಮಯವೇ ಇರಲಿಲ್ಲ. ಬೆಳಕೂ ಸದ್ದೂ ಒಟ್ಟಿಗೇ ಬಂದವು.

ದೊಡ್ಡ ಕೋರ್ಸುಗಳಲ್ಲಿ ಒಂದು ಉದ್ದ ಸೈರನ್ ಕೇಳಿದರೆ ತಕ್ಷಣ ಆಟ ನಿಲ್ಲಿಸಿ ಹೊರಡಬೇಕು ಎಂದು ಅರ್ಥ. ಸಣ್ಣ ಕಡೆ ಅದು ಇಲ್ಲದಿರಬಹುದು. ಆದರೆ ಸಿಡಿಲಿನ ಭಯ ಇದ್ದರೆ ಯಾರನ್ನೂ ಕೇಳದೆ ಆಟ ನಿಲ್ಲಿಸಲು ಗಾಲ್ಫಿನ ನಿಯಮವೇ ಒಪ್ಪುತ್ತದೆ. ಸ್ಪರ್ಧೆಯಲ್ಲಿ ಕೂಡ ಅದಕ್ಕೆ ದಂಡ ಇಲ್ಲ. ಫೀಸು ಕೊಟ್ಟಾಗಿದೆ, ಇನ್ನು ನಾಲ್ಕೇ ಹೋಲ್ ಎಂದು ನಿಲ್ಲಬೇಡಿ. ಕಟ್ಟಡ ದೂರವಾದರೆ ಗಾಜು ಏರಿಸಿದ ಕಾರಿನೊಳಗೆ ಕೂರಿ. ಗಾಲ್ಫ್ ಗಾಡಿ ಕಾರಲ್ಲ, ಅದಕ್ಕೆ ಸುತ್ತಲೂ ಗೋಡೆ ಇಲ್ಲ.

ನಾವು ಆಡಿದ್ದು ಒಟ್ಟು ಹದಿಮೂರು ಹೋಲ್. ಐದು ಗಂಟೆಗೆ ಮಳೆ ನಿಂತ ಮೇಲೆ ಚೀಲಗಳನ್ನು ತಂದುಕೊಂಡು ಇಳಿದೆವು.

ಹಣದ ಕಥೆ ಇನ್ನೂ ಮುಗಿದಿಲ್ಲ. ಟ್ರಾವೆಲ್ಸಿನವರು ಮರುದಿನ ಫೋನ್ ಎತ್ತಿ, ಕ್ಲಬ್ಬಿನವರು ತಪ್ಪು ಮಾಡಿದ್ದಾರೆ ಎಂದರು. ಯುಪಿಐಯಲ್ಲಿ ನಾವೇ ಪಿನ್ ಒತ್ತಿ ಕಳಿಸಿದ ಹಣವನ್ನು ಬ್ಯಾಂಕು ನಮ್ಮ ಮಾತಿಗೆ ವಾಪಸ್ ತರಲು ಆಗುವುದಿಲ್ಲ. ಇದನ್ನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ. ಫೋನೇ ಎತ್ತದೆ ಮಾಯವಾದ ಮೋಸಗಾರನಾದರೆ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಮ್ಮ ಹಾಗೆ, ಅಂಗಡಿ ಇಟ್ಟುಕೊಂಡವರು ಹೇಳಿದ ಸೇವೆ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ನಾನು ಸಂದೇಶಗಳನ್ನೂ ಕ್ಲಬ್ಬಿನ ರಶೀದಿಗಳನ್ನೂ ಸೇರಿಸಿ ಅಂಚೆಯಲ್ಲಿ ನೋಟಿಸ್ ಕಳಿಸಿದೆ. ಆಮೇಲೆ 4,000 ಬಂತು. ಉಳಿದ 6,000ಕ್ಕೆ ದೂರಿನ ಕಾಗದ ಸಿದ್ಧ ಮಾಡುತ್ತಿದ್ದೇನೆ.

ಕಡಿಮೆ ಫೀಸಿನ ಕೋರ್ಸುಗಳೆಲ್ಲ ಕೆಟ್ಟವು ಎಂದು ತಿಳಿಯಬೇಡಿ. ಘಟ್ಟದ ಮೇಲೆ ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಇಟ್ಟುಕೊಂಡ ಸಣ್ಣ ಕ್ಲಬ್‌ಗಳಿವೆ. ಜನವರಿಯಲ್ಲಿ ಭಾವನಿಗಾಗಿ ಬೇರೆ ಒಂದು ಕಡೆ ನಾನೇ ಫೋನ್ ಮಾಡಿದೆ. ಸದಸ್ಯರಿಲ್ಲದೆ ಬಂದರೆ ಎಷ್ಟು, ಅದರಲ್ಲಿ ಕ್ಯಾಡಿ ಮತ್ತು ತೆರಿಗೆ ಸೇರಿದೆಯೇ, ಆ ದಿನ ಟೂರ್ನಮೆಂಟ್ ಇದೆಯೇ, ಎಲ್ಲ ಗ್ರೀನೂ ತೆರೆದಿದೆಯೇ, ಕೊನೆಯ ಸಲ ತೂತು ಹೊಡೆದದ್ದು ಯಾವಾಗ, ಗುಡುಗಿದರೆ ಎಲ್ಲಿ ಹೋಗಬೇಕು ಎಂದು ಕೇಳಿದೆ. ಆ ಕಡೆಯವರು ಬೇಸರವಿಲ್ಲದೆ ಒಂದೊಂದಕ್ಕೂ ಉತ್ತರ ಕೊಟ್ಟರು. ಸೋಮವಾರ ರಜೆ, ಬುಧವಾರ ಬನ್ನಿ ಎಂದರು. ಹಣ ಅಲ್ಲೇ ಹೋಗಿ ಕಟ್ಟಿದೆವು. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಮಧ್ಯಾಹ್ನದೊಳಗೆ ಭಾವ ಪೂರಾ ಹದಿನೆಂಟು ಆಡಿದರು.

ಈ ವಾರ ಅದೇ ಚಿತ್ರ ನಮ್ಮ ಗುಂಪಿಗೆ ಮತ್ತೆ ಬಂದಿದೆ. ಈ ಸಲ ಒಬ್ಬರಿಗೆ 2,200 ಎಂದಿದೆ. ಎಡಗಡೆ ಬಿದಿರು ಮೆಳೆ, ನಡುವೆ ಕೆರೆ, ಆಚೆ ದಡದಲ್ಲಿ ಕೆಂಪು ಬಾವುಟ. ನಿಮ್ಮ ಫೋನಿಗೂ ಬಂದರೆ ಹಣ ಹಾಕಬೇಡಿ, ಮುಂದಕ್ಕೆ ಕಳಿಸಲೂ ಬೇಡಿ.