ಅಡ್ರೆಸ್ ಫಾರ್ಮ್‌ಗೆ ಅಂಚೆ ಇಲಾಖೆ ಪಿನ್‌ಕೋಡ್ ಡೈರೆಕ್ಟರಿ, ಬಳಸಿ ನೋಡಿದ್ಮೇಲೆ ನನ್ನ ರಿವ್ಯೂ

5ಕ್ಕೆ 4 ಸ್ಟಾರ್ ಕೊಡ್ತೀನಿ. ಯಾಕೆ ಅಂತ ಹೇಳ್ತೀನಿ ಕೇಳಿ.

ನಮ್ ಸೈಟಿಗೆ ಮೊದ್ಲು ದುಡ್ ಕೊಟ್ಟು ಒಂದ್ ಸರ್ವಿಸ್ ಹಾಕ್ಕೊಂಡಿದ್ವಿ, ಹೆಸ್ರು ಬೇಡ ಬಿಡಿ, ಪಿನ್ ಹೊಡೆದ್ರೆ ಯಾವ್ದೋ ಒಂದೇ ಊರು ತಂದು ತುಂಬೋದು, ತಿದ್ದೋಕೂ ಬಿಡ್ತಿರ್ಲಿಲ್ಲ. ತೀರ್ಥಹಳ್ಳಿ ಕಡೆಯ ಒಬ್ರು ಹಿರಿಯರು ಫೋನ್ ಮಾಡಿ "ಇದು ನಮ್ಮೂರಲ್ಲ ಮಾರಾಯ, ಪಾರ್ಸೆಲ್ ಎಲ್ಲಿಗ್ ಕಳಿಸ್ತೀರಿ" ಅಂದಾಗ ಬೇಜಾರಾಯ್ತು. ಅವತ್ತೇ ಅದನ್ನ ತೆಗೆದು, ಸರ್ಕಾರದ ಓಪನ್ ಡೇಟಾ ಸೈಟಲ್ಲಿ ಫ್ರೀಯಾಗಿ ಸಿಗೋ ಡೈರೆಕ್ಟರಿ ಇಳಿಸ್ಕೊಂಡು ನಾವೇ ಪಿನ್ ಹುಡುಕೋಕೆ ಒಂದು ಟೇಬಲ್ (ಸಾಲು-ಸಾಲಾಗಿ ಮಾಹಿತಿ ಇರೋ ಪಟ್ಟಿ) ಮಾಡ್ಕೊಂಡ್ವಿ.

ಇದ್ರಲ್ಲಿ ಒಂದೊಂದು ಪೋಸ್ಟಾಫೀಸಿಗೂ ಒಂದೊಂದು ಸಾಲು. ಹೆಡ್ ಆಫೀಸಾ, ಸಬ್ ಆಫೀಸಾ, ಬ್ರಾಂಚಾ, ಡೆಲಿವರಿ ಇದ್ಯಾ ಇಲ್ವಾ, ಜಿಲ್ಲೆ, ರಾಜ್ಯ ಎಲ್ಲಾ ಇದೆ. ಹಳ್ಳಿ ಕಡೆ ಒಂದೇ ಪಿನ್‌ಗೆ ಎಷ್ಟೋ ಬ್ರಾಂಚ್ ಆಫೀಸ್ ಇರತ್ತಲ್ಲ, ಅಷ್ಟನ್ನೂ ಪಟ್ಟಿ ಮಾಡಿ ತೋರಿಸಿ, ಗಿರಾಕಿಗಳೇ ಆರಿಸ್ಕೊಳ್ಳೋ ಹಾಗೆ ಮಾಡಿದ್ವಿ. ಈಗ ಆ ಥರ ಫೋನ್ ಬರಲ್ಲ.

ಇಷ್ಟು ದೊಡ್ಡ ಟೇಬಲ್ ಯಾಕೆ, ಮೊದಲ ಎರಡಂಕಿ ನೋಡಿದ್ರೆ ರಾಜ್ಯ ಗೊತ್ತಾಗತ್ತಲ್ಲ ಅಂತಾರೆ. 56ರಿಂದ 59 ಕರ್ನಾಟಕ, ಸರಿ. ಆದ್ರೆ 403 ಗೋವಾ, ಎರಡಂಕಿ ಲೆಕ್ಕದಲ್ಲಿ ಅದು ಮಹಾರಾಷ್ಟ್ರಕ್ಕೆ ಹೋಗತ್ತೆ. ಮಾಹೆ 673310, ಸುತ್ತ ಕೇರಳ, ಊರು ಪುದುಚೇರಿದು. ಯಾಣಂ 533464, ಅದೂ ಪುದುಚೇರಿನೇ, ಅಂಕಿ ನೋಡಿದ್ರೆ ಆಂಧ್ರ. ಅದಕ್ಕೇ ಪೂರ್ತಿ ಆರಂಕಿ ಇಟ್ಟೇ ಹುಡುಕಿ.

ಒಂದ್ ಸ್ಟಾರ್ ಕಟ್ ಮಾಡಿದ್ದು ಟೇಬಲ್ ಹಾಕಿದ ಮೇಲೂ ನಮಗೆ ಕೆಲ್ಸ ಉಳಿಯತ್ತೆ ಅಂತ. ಜನ ಇನ್ನೂ ಗುಲ್ಬರ್ಗ, ಬೆಳಗಾಂ ಅಂತಾನೇ ಬರೀತಾರೆ, ಹೆಸ್ರು ಬದಲಾಗಿದ್ದು 2014ರಲ್ಲಿ, ಹೊಸಪೇಟೆಯವ್ರು ಬಳ್ಳಾರಿ ಜಿಲ್ಲೆ ಅಂತ ಹಾಕ್ತಾರೆ, ಅದು 2021ರಿಂದ ವಿಜಯನಗರ. ಹಳೇ-ಹೊಸ ಹೆಸ್ರಿಗೆ ಇನ್ನೊಂದು ಸಣ್ಣ ಟೇಬಲ್ ಬೇಕೇ ಬೇಕು.

ಇನ್ನೊಂದು, ಕನ್ನಡ ಕೀಬೋರ್ಡಲ್ಲಿ ೫೬೦೦೦೧ ಅಂತ ಹೊಡೆದ್ರೆ ಜಾವಾಸ್ಕ್ರಿಪ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಬರೆದ \d ಚೆಕ್ಕು (ಅಂಕಿನೇನಾ ಅಂತ ನೋಡೋದು) ಅದನ್ನ ಅಂಕಿ ಅಂತಾನೇ ಒಪ್ಪಲ್ಲ, ಪೈಥಾನ್ ಅನ್ನೋ ಇನ್ನೊಂದು ಭಾಷೇಲಾದ್ರೆ ಒಪ್ಪತ್ತೆ. ಕನ್ನಡ ಅಂಕಿ ಬರ್ದಿದ್ದಕ್ಕೆ ಕೆಂಪಕ್ಷರದಲ್ಲಿ "ತಪ್ಪು" ಅಂತ ತೋರಿಸ್ಬೇಡಿ ದಯವಿಟ್ಟು, ಮೊದ್ಲು 0-9ಕ್ಕೆ ಬದಲಾಯಿಸ್ಕೊಂಡು, ಮಧ್ಯದ ಸ್ಪೇಸ್ ತೆಗೆದು ಆಮೇಲೆ ಟೇಬಲ್ ನೋಡಿ. ಪಿನ್ ಟೇಬಲ್‌ನಲ್ಲಿ ಸಿಗ್ಲಿಲ್ಲ ಅಂದ್ರೂ ನಾವು ಆರ್ಡರ್ ತಡೆಯಲ್ಲ, ತಗೊಂಡು ಪ್ಯಾಕ್ ಮಾಡೋಕ್ ಮುಂಚೆ ಫೋನ್ ಮಾಡಿ ಕೇಳ್ತೀವಿ.